ನಿತ್ಯದ ದುಡಿಮೆಯಲ್ಲಿ ನೆಮ್ಮದಿ: ಶರಣರ ಚರಿತ್ರೆಯಿಂದ ಒಂದು ಪಾಠ

ಪ್ರತಿ ವರ್ಷ ಜಾತ್ರೆಯ ಕಾಲಕ್ಕೆ ಶ್ರೀಮಠಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು, ಪಾದಕ್ಕೆರಗಿ ಕುಳಿತ ಮೇಲೆ ಮೊದಲು ಮಕ್ಕಳ ಓದು, ಮಳೆ ಬೆಳೆ, ನೌಕರಿ ಇವುಗಳ ವಿಷಯವನ್ನೇ ಹೇಳುತ್ತಾರೆ. ಎದ್ದು ಹೋಗುವ ಮುನ್ನ, ಸುತ್ತಲಿನವರು ಸ್ವಲ್ಪ ದೂರ ಸರಿದಾಗ, ಸಂಕೋಚದಿಂದ ಒಂದು ಮಾತನ್ನು ಕೇಳುತ್ತಾರೆ: “ಅಪ್ಪಾವರೇ, ಎಲ್ಲಾ ಐತ್ರಿ. ಆದ್ರ ಮನಸ್ಸಿಗೆ ಸಮಾಧಾನ ಇಲ್ರಿ. ಒಂದ್ ತಿಂಗಳು ಎಲ್ಲಾ ಬಿಟ್ಟು ಮಠದಾಗ ಬಂದು ಇರಲೇನ್ರಿ?” ಕೇಳುವವರಲ್ಲಿ ಒಕ್ಕಲುತನದವರಿದ್ದಾರೆ, ಶಿಕ್ಷಕರಿದ್ದಾರೆ, ಬೆಂಗಳೂರು ಪುಣೆಗಳಲ್ಲಿ ದೊಡ್ಡ ಸಂಬಳ ಪಡೆಯುವವರಿದ್ದಾರೆ. ಅಂಗಡಿ, ಕಚೇರಿ, ಹೊಲ ಬೇರೆ ಬೇರೆಯಾದರೂ ಪ್ರಶ್ನೆ ಒಂದೇ.

ಬರುವವರಿಗೆ ಮಠದ ಬಾಗಿಲು ಸದಾ ತೆರೆದಿದೆ. ಆದರೆ ಆ ಪ್ರಶ್ನೆಯಲ್ಲಿರುವ ‘ಎಲ್ಲಾ ಬಿಟ್ಟು’ ಎಂಬ ಮಾತು ನಮ್ಮನ್ನು ಪ್ರತಿ ಸಲವೂ ಚಿಂತನೆಗೆ ಹಚ್ಚುತ್ತದೆ. ಶಾಂತಿಯು ದುಡಿಮೆಯ ಆಚೆಗೆ ಇದೆ, ಮನೆ ಮಾರುಗಳ ಹೊರಗೆ ಇದೆ, ಅಲ್ಲಿಗೆ ಹೋಗಿ ಅದನ್ನು ತರಬೇಕು ಎಂಬ ನಂಬಿಕೆ ಆ ಮಾತಿನ ಹಿಂದೆ ಅಡಗಿದೆ. ಈ ನಂಬಿಕೆ ಬಹು ಪ್ರಾಚೀನವಾದುದು. ಕಾಡು, ಗುಹೆ, ತೀರ್ಥಕ್ಷೇತ್ರಗಳನ್ನು ಅರಸಿ ಹೋದ ಮಹಾತ್ಮರ ಪರಂಪರೆ ನಮ್ಮ ದೇಶದಲ್ಲಿ ಅಖಂಡವಾಗಿ ಹರಿದು ಬಂದಿದೆ. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ 12ನೆಯ ಶತಮಾನದ ಕಲ್ಯಾಣದಲ್ಲಿ ಈ ನಂಬಿಕೆಯನ್ನೇ ಮರುಪರೀಕ್ಷೆಗೆ ಒಡ್ಡಿದ ಒಂದು ಜನಸಮುದಾಯವಿತ್ತು. ಅವರು ಪಡೆದ ಉತ್ತರವೇನು, ಅದರಲ್ಲಿ ನಾವು ಮರೆತಿರುವ ಭಾಗವೇನು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಕಲ್ಯಾಣವೆಂಬ ದುಡಿಯುವ ನಗರ

ಕಲ್ಯಾಣ ಎಂದೊಡನೆ ಭಕ್ತರ ಕಣ್ಣೆದುರಿಗೆ ಅನುಭವಮಂಟಪ ನಿಲ್ಲುತ್ತದೆ. ಆದರೆ ಅದು ಮೊದಲು ಒಂದು ರಾಜಧಾನಿ, ಒಂದು ಪೇಟೆ ಎಂಬುದನ್ನು ಮರೆಯಬಾರದು. ಚಾಲುಕ್ಯ ಒಂದನೆಯ ಸೋಮೇಶ್ವರನು 11ನೆಯ ಶತಮಾನದ ನಡುವಿನಲ್ಲಿ ಅದನ್ನು ರಾಜಧಾನಿಯಾಗಿ ಬೆಳೆಸಿದನು. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಸುಮಾರು 50 ವರ್ಷಗಳ ಆಳ್ವಿಕೆಯಲ್ಲಿ ಅದು ವೈಭವದ ಶಿಖರವನ್ನೇರಿತು. 12ನೆಯ ಶತಮಾನದ ನಡುಭಾಗದಲ್ಲಿ ಕಲಚೂರ್ಯ ಬಿಜ್ಜಳನು ಅಧಿಕಾರವನ್ನು ಕೈವಶ ಮಾಡಿಕೊಂಡನು. ಆತನ ಭಂಡಾರದ ಹೊಣೆ ಬಸವಣ್ಣನವರ ಮೇಲಿತ್ತೆಂಬುದು ಪರಂಪರೆಯ ಏಕಕಂಠದ ಹೇಳಿಕೆ.

ಆ ಕಾಲದ ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ತೆಲ್ಲಿಗರು, ನೇಕಾರರು, ಎಲೆ ಮಾರುವವರು, ಅಯ್ಯಾವೊಳೆಯ ಐನೂರ್ವರೆಂಬ ದೂರದೇಶದ ವ್ಯಾಪಾರಿಗಳು—ಇವರೆಲ್ಲ ಸಂಘಗಳಾಗಿ ಸೇರಿ ದೇವಾಲಯಗಳಿಗೆ ದತ್ತಿ ಬಿಟ್ಟ ವಿವರಗಳು ಅವುಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಅಂದರೆ ಹಣ, ಸರಕು, ಸುಂಕ, ಲೆಕ್ಕ ಇವು ಅಂದಿನ ಬದುಕಿನ ನಿತ್ಯದ ಮಾತುಗಳಾಗಿದ್ದವು. ದುಡಿಯುವವನು ದತ್ತಿ ಕೊಡಬಹುದಿತ್ತು. ಆದರೆ ಆತನ ದುಡಿಮೆಯೇ ಪೂಜೆಯೆಂದು ಹೇಳುವ ಧೈರ್ಯವನ್ನು ಅಂದಿನ ಧರ್ಮಶಾಸ್ತ್ರ ಮಾಡಿರಲಿಲ್ಲ. ಅಗಸನ ಕಲ್ಲು, ಅಂಬಿಗನ ಹುಟ್ಟು, ಕೊಟ್ಟಣ ಕುಟ್ಟುವವಳ ಒನಕೆ ಇವು ಹೊಟ್ಟೆಯ ಪಾಡಿಗೆ ಸೇರಿದವುಗಳು. ದೇವರ ಪಾಡು ಬೇರೆ.

ಶರಣರು ಒಡೆದದ್ದು ಈ ಗೋಡೆಯನ್ನು. ಅವರ ಹೆಸರುಗಳೇ ಇದಕ್ಕೆ ಸಾಕ್ಷಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ—ಪ್ರತಿಯೊಂದು ಹೆಸರಿನ ಮುಂದೆಯೂ ಒಂದು ಕೈಕೆಲಸವಿದೆ. ಲೋಕವು ಕೀಳೆಂದು ಬಗೆದ ಕಸುಬನ್ನು ಅವರು ಮುಚ್ಚಿಡಲಿಲ್ಲ, ಬಿರುದಿನಂತೆ ಧರಿಸಿದರು. ಇಷ್ಟೇ ಅಲ್ಲ, ಅವರ ವಚನಗಳಲ್ಲಿ ಅಧ್ಯಾತ್ಮದ ಮಾತು ಬರುವುದು ಅವರವರ ಉಪಕರಣಗಳ ಮೂಲಕವೇ. ಚೌಡಯ್ಯನಿಗೆ ಸಂಸಾರ ಹೊಳೆ, ವೈದ್ಯ ಸಂಗಣ್ಣನಿಗೆ ಅದು ರೋಗ, ರೆಮ್ಮವ್ವೆಗೆ ರಾಟೆ. ಧ್ಯಾನಕ್ಕಾಗಿ ಅವರು ಕೆಲಸದಿಂದ ಏಳಲಿಲ್ಲ. ಕೆಲಸವನ್ನೇ ಧ್ಯಾನದ ಭಾಷೆಯಾಗಿ ಮಾಡಿಕೊಂಡರು.

ಇಲ್ಲಿ ಆಧಾರಗಳ ಬಗೆಗೆ ಎರಡು ಮಾತು ಅವಶ್ಯ. ಇಂದು ನಮಗೆ ದೊರೆತಿರುವ ವಚನಗಳ ಓಲೆಗರಿಗಳು ಬಹುಮಟ್ಟಿಗೆ ಶರಣರ ನಂತರದ ಶತಮಾನಗಳವು. ಬಸವಣ್ಣನವರನ್ನು ಹೆಸರಿಸುವ ಪ್ರಸಿದ್ಧ ಅರ್ಜುನವಾಡದ ಶಾಸನ 1260ರದು. ಹರಿಹರನ ರಗಳೆಗಳು, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರ ಭೀಮಕವಿಯ ಕನ್ನಡ ಬಸವಪುರಾಣ ಇವು ಭಕ್ತಿಯ ಕಣ್ಣಿನಿಂದ ಕಂಡ ಚರಿತ್ರೆಗಳು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ವಿರಕ್ತರು ವಚನಗಳನ್ನು ಸಂಗ್ರಹಿಸಿ ಕಾಪಾಡುವ ಮಹತ್ಕಾರ್ಯಕ್ಕೆ ತೊಡಗಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದದ ರೂಪದಲ್ಲಿ ಹೊಂದಿಸಿ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಆದುದರಿಂದ ನಾವು ಹೇಳಲಿರುವ ಪ್ರಸಂಗಗಳಲ್ಲಿ ಪವಾಡದ ಅಂಶವನ್ನು ಭಕ್ತಿಯ ಮಾತೆಂದೂ, ವಚನಗಳಲ್ಲಿ ಮಿಡಿಯುವ ವಿಚಾರವನ್ನು ಶರಣರ ಸ್ವಂತ ಸಾಕ್ಷ್ಯವೆಂದೂ ವಾಚಕರು ವಿವೇಕದಿಂದ ಗ್ರಹಿಸಬೇಕು.

ಮರಳಿ ಸುರಿದ ಅಕ್ಕಿ

ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ಮಾತು ಇಂದು ಕಾರ್ಖಾನೆಗಳ ಗೋಡೆಯ ಮೇಲೆ, ಸರಕಾರಿ ಕಚೇರಿಗಳ ಬಾಗಿಲ ಮೇಲೆ ರಾರಾಜಿಸುತ್ತಿದೆ. ಬಹುಜನರು ಅದು ಬಸವಣ್ಣನವರ ಮಾತೆಂದೇ ತಿಳಿದಿದ್ದಾರೆ. ವಾಸ್ತವವಾಗಿ ಆ ವಿಚಾರ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬಂದಿದೆ. ಆತನು ಮಂತ್ರಿಯೂ ಅಲ್ಲ, ಪಂಡಿತನೂ ಅಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಬಡವ. ರಾಯಚೂರು ಸೀಮೆಯ ಅಮರೇಶ್ವರದಿಂದ ಪತ್ನಿ ಲಕ್ಕಮ್ಮನೊಡನೆ ಕಲ್ಯಾಣಕ್ಕೆ ಬಂದವನು. ಇಬ್ಬರೂ ವಚನಕಾರರು. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನು ಆ ಅಂಕಿತಕ್ಕೆ ತನ್ನ ಪತಿಯ ಹೆಸರನ್ನೂ ಸೇರಿಸಿ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದು ಬರೆದಳು.

ಈ ದಂಪತಿಗಳ ಚರಿತ್ರೆಯಲ್ಲಿ ಎರಡು ಪ್ರಸಂಗಗಳು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದವು. ಮೊದಲನೆಯದು: ಮಾರಯ್ಯನು ಪ್ರಭುದೇವರ ಸನ್ನಿಧಿಯಲ್ಲಿ ಅನುಭಾವದ ಗೋಷ್ಠಿಯಲ್ಲಿ ಕುಳಿತು ಮೈಮರೆತನು. ಹೊತ್ತು ಏರಿತು. ಆಗ ಲಕ್ಕಮ್ಮನು ಕಾಯಕ ನಿಂತುಹೋಯಿತೆಂದು ಪತಿಯನ್ನು ಎಚ್ಚರಿಸಿ ಕಳುಹಿಸಿದಳು. ಈ ಪ್ರಸಂಗದ ಗಾಂಭೀರ್ಯವನ್ನು ನಾವು ಸಾಕಷ್ಟು ಮನಗಂಡಿಲ್ಲ. ಆತ ಕುಳಿತಿದ್ದುದು ಹರಟೆಯ ಕಟ್ಟೆಯಲ್ಲಲ್ಲ, ಶೂನ್ಯಸಿಂಹಾಸನದ ಎದುರಿನಲ್ಲಿ. ನಾಡಿನ ಮಹಾಜ್ಞಾನಿಗಳ ಮಾತು ಕೇಳುತ್ತಿದ್ದವನನ್ನು ಅಲ್ಲಿಂದ ಎಬ್ಬಿಸಿ ಅಕ್ಕಿ ಆಯಲು ಕಳುಹಿಸುವ ಎದೆಗಾರಿಕೆ ಆ ತಾಯಿಯದು. ಶಾಂತಿಯು ಗೋಷ್ಠಿಯಲ್ಲಿ ಮಾತ್ರ ಸಿಗುತ್ತದೆ, ಅಂಗಳದಲ್ಲಿ ಇಲ್ಲ ಎಂದು ಆಕೆ ಒಪ್ಪಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಎರಡನೆಯ ಪ್ರಸಂಗ ಇದಕ್ಕೂ ಹಿರಿದು. ಎದ್ದು ಹೋದ ಮಾರಯ್ಯನು ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಬಡವನ ಮನೆಗೆ ಒಂದು ದಿನ ನಾಲ್ಕು ಹಿಡಿ ಹೆಚ್ಚು ಅಕ್ಕಿ ಬಂದರೆ ಯಾವ ಗೃಹಿಣಿಯಾದರೂ ಸಂತೋಷಪಡುವುದು ಸಹಜ. ಆದರೆ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಮಗೇಕೆ, ಇದು ನಮ್ಮ ಮನಸ್ಸಿನಿಂದ ಬಂದುದೋ ಬಸವಣ್ಣನವರ ಅನುಮಾನದಿಂದ ಬಂದುದೋ ಎಂದು ಕೇಳಿ, ಅದನ್ನು ಮರಳಿ ಒಯ್ದು ಅಲ್ಲಿಯೇ ಹಾಕಿ ಬರುವಂತೆ ಆಗ್ರಹಪಡಿಸಿದಳು. ಮಾರಯ್ಯ ಹಾಗೆಯೇ ಮಾಡಿದನು.

ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಬಿದ್ದ ಅಕ್ಕಿಯನ್ನು ಆಯುವುದೇ ಆತನ ಕಾಯಕ. ನ್ಯಾಯದ ದೃಷ್ಟಿಯಿಂದ ನೋಡಿದರೆ ಅದು ಆತನ ದುಡಿಮೆಯ ಫಲವೇ. ಹಾಗಿದ್ದರೂ ಲಕ್ಕಮ್ಮನು ಅದನ್ನು ಒಲ್ಲೆನೆಂದುದೇಕೆ? ಹೆಚ್ಚಿನ ಆ ಹಿಡಿ ಅಕ್ಕಿಯೊಡನೆ ನಾಳೆಯ ಚಿಂತೆ ಮನೆಯೊಳಗೆ ಬರುತ್ತದೆ. ನಾಳೆಗೆ ಇಡಬೇಕೆಂದರೆ ಗಡಿಗೆ ಬೇಕು, ಗಡಿಗೆಗೆ ಕಾವಲು ಬೇಕು, ಕಾವಲಿನವನ ಮೇಲೆ ಸಂಶಯ ಬೇಕು. ಅಶಾಂತಿಯ ಬೀಜ ದುಡಿಮೆಯಲ್ಲಿಲ್ಲ, ಮಿತಿಯನ್ನು ದಾಟಿದ ಒಂದು ಹಿಡಿಯಲ್ಲಿದೆ ಎಂಬುದನ್ನು ಆಕೆ ಕಂಡುಕೊಂಡಿದ್ದಳು. ಸತ್ಯಕ್ಕನ ನಿಲುವೂ ಇದೇ. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟಲಾರೆನೆಂಬ ಆಣೆಯನ್ನು ಆಕೆ ತನ್ನ ವಚನದಲ್ಲಿ ಮಾಡಿದ್ದಾಳೆ.

ಕಾಯಕದ ಮಾತನ್ನು ಗೋಡೆಯ ಮೇಲೆ ಬರೆಸಿದವರು ಅದರ ಅರ್ಧವನ್ನು ಮಾತ್ರ ಬರೆಸಿದ್ದಾರೆಂದು ನಮಗೆ ಅನಿಸುವುದು ಇಲ್ಲಿಯೇ. ಹೆಚ್ಚು ದುಡಿಯಿರಿ, ಇನ್ನೂ ಹೆಚ್ಚು ದುಡಿಯಿರಿ ಎಂದು ಆಳುಗಳಿಗೆ ಹೇಳಲು ಅದು ಒಳ್ಳೆಯ ಫಲಕವಾಗಿದೆ. ಆದರೆ ಆ ಮಾತನ್ನು ಆಡಿದವನ ಮನೆಯಲ್ಲಿ ಹೆಚ್ಚಿನ ಅಕ್ಕಿಯನ್ನು ಮರಳಿಸುವ ಹೆಂಡತಿಯೂ ಇದ್ದಳೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಮಾರಯ್ಯನ ಕಾಯಕವನ್ನು ಲಕ್ಕಮ್ಮನ ಮಿತಿಯಿಂದ ಬೇರ್ಪಡಿಸಿದರೆ ಉಳಿಯುವುದು ಬರಿಯ ದುಡಿತ.

ಲಿಂಗಕ್ಕೂ ತಪ್ಪದ ಕಾಯಕ, ಕೆರೆ ಕಟ್ಟಿದವನ ಅಹಂಕಾರ

ನುಲಿಯ ಚಂದಯ್ಯನ ಪ್ರಸಂಗ ಇನ್ನೊಂದು ಮುಖವನ್ನು ತೋರಿಸುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸುವುದು ಆತನ ಕಾಯಕ. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ನೀರಿಗೆ ಬಿದ್ದಿತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ತನ್ನ ಕೆಲಸದಲ್ಲಿಯೇ ಮುಂದುವರಿದನು. ಲಿಂಗವೇ ಆತನನ್ನು ಹಿಂಬಾಲಿಸಿತೆಂದೂ, ಮಡಿವಾಳ ಮಾಚಯ್ಯ ನಡುವೆ ಬಂದು ಸಮಾಧಾನ ಮಾಡಿದನೆಂದೂ, ಕೊನೆಗೆ ಲಿಂಗವೂ ಹಗ್ಗ ಮಾರುವ ಕಾಯಕವನ್ನು ಒಪ್ಪಿಕೊಂಡ ಮೇಲೆಯೇ ಚಂದಯ್ಯ ಅದನ್ನು ಸ್ವೀಕರಿಸಿದನೆಂದೂ ಕಥೆ.

ಪವಾಡವನ್ನು ಬದಿಗಿಟ್ಟು ವಿಚಾರವನ್ನು ನೋಡೋಣ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದ ನಿಯಮದಿಂದ ಯಾರಿಗೂ ವಿನಾಯಿತಿ ಇಲ್ಲ ಎಂಬುದು ಚಂದಯ್ಯನ ವಚನದ ತಿರುಳು. ಪೀಠದ ಮೇಲೆ ಕುಳಿತ ನಮ್ಮಂಥವರು ಈ ಮಾತನ್ನು ಓದುವಾಗ ತಲೆ ತಗ್ಗಿಸಬೇಕಾಗುತ್ತದೆ. ದೇವರ ಹೆಸರಿನಲ್ಲಿ ಬದುಕುವವನಿಗೂ ದೇವರ ಹೆಸರು ಕೆಲಸಕ್ಕೆ ಬದಲಾಗಲಾರದು. ಪೂಜೆಯಲ್ಲಿ ಶಾಂತಿಯನ್ನು ಕಾಣದವನು ಅದಕ್ಕೆ ಪೂಜೆಯ ದೋಷವನ್ನು ಹುಡುಕುತ್ತಾನೆ. ಪೂಜೆಗೆ ಮುಂಚಿನ ಮತ್ತು ಪೂಜೆಯ ನಂತರದ ಹಗಲನ್ನು ಹೇಗೆ ಕಳೆದೆನೆಂದು ಕೇಳಿಕೊಳ್ಳುವುದಿಲ್ಲ.

ಹಾಗೆಂದು ಕೆಲಸ ಮಾಡಿದವನಿಗೆಲ್ಲ ಶಾಂತಿ ತಾನಾಗಿ ಒದಗುತ್ತದೆಯೆ? ಇದಕ್ಕೆ ಶರಣರ ಚರಿತ್ರೆ ಇಲ್ಲವೆಂದೇ ಉತ್ತರಿಸುತ್ತದೆ. ಸೊನ್ನಲಿಗೆಯ ಸಿದ್ಧರಾಮಯ್ಯನವರ ಜೀವನವೇ ಇದಕ್ಕೆ ನಿದರ್ಶನ. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಅವರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಬಾಯಾರಿದ ನಾಡಿಗೆ ನೀರು ಕೊಟ್ಟರು. ಸಾವಿರಾರು ಜನ ಅವರ ಮಾತಿನಂತೆ ಮಣ್ಣು ಹೊತ್ತರು. ಹರಿಹರನ ಸೋದರಳಿಯ ರಾಘವಾಂಕನು ಸಿದ್ಧರಾಮ ಚಾರಿತ್ರವನ್ನು ಬರೆಯುವಷ್ಟು ಅವರ ಕೀರ್ತಿ ಹಬ್ಬಿತು. ಇದಕ್ಕಿಂತ ನಿಸ್ವಾರ್ಥವಾದ ಲೋಕಸೇವೆ ಯಾವುದಿದ್ದೀತು?

ಆದರೆ ಶೂನ್ಯಸಂಪಾದನೆಯ ಪ್ರಕಾರ, ಅಲ್ಲಮಪ್ರಭುಗಳು ಅಲ್ಲಿಗೆ ಬಂದಾಗ ಸಿದ್ಧರಾಮಯ್ಯನವರನ್ನು ಯೋಗಿಯೆಂದು ಹೊಗಳಲಿಲ್ಲ. ಮಣ್ಣು ಅಗೆಯುವ ಒಡ್ಡನೆಂದು ಕರೆದರು. ಶಿಷ್ಯರು ಕೆರಳಿ ಕಲ್ಲೆಸೆದರು. ಸಿದ್ಧರಾಮಯ್ಯನವರ ಕೋಪ ಬೆಂಕಿಯಾಗಿ ಹೊರಬಂದಿತು. ಆ ಬೆಂಕಿಯೇ ಅಲ್ಲಮರ ಪ್ರಶ್ನೆಗೆ ಉತ್ತರವಾಯಿತು. ಒಂದು ಮಾತಿಗೆ ಕದಡುವ ಮನಸ್ಸಿನ ತಳದಲ್ಲಿ ‘ನಾನು ಕಟ್ಟಿದೆ’ ಎಂಬ ಕೆಸರು ಇನ್ನೂ ಉಳಿದಿತ್ತು. ಸಿದ್ಧರಾಮಯ್ಯನವರ ಹಿರಿಮೆಯೆಂದರೆ ಅದನ್ನು ಒಪ್ಪಿಕೊಂಡದ್ದು. ಅವರು ಕಲ್ಯಾಣಕ್ಕೆ ಬಂದು, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಮುಂದೆ ಸೊನ್ನಲಿಗೆಯಲ್ಲಿಯೇ ಲಿಂಗೈಕ್ಯರಾದರು. ಸೊಲ್ಲಾಪುರದ ಕೆರೆಯ ನಡುವಿನ ಸಿದ್ಧೇಶ್ವರ ಕ್ಷೇತ್ರಕ್ಕೆ ಪ್ರತಿ ವರ್ಷ ಸಂಕ್ರಾಂತಿಯ ಜಾತ್ರೆಗೆ ಹೋಗುವ ಭಕ್ತರು ಆ ನೀರನ್ನು ನೋಡುವಾಗ ಈ ಕಥೆಯನ್ನೂ ನೆನೆಯಬೇಕು. ಕೆರೆ ಉಳಿಯಿತು, ‘ನಾನು’ ಹೋಯಿತು.

ಹೀಗೆ ಮೂರು ಪ್ರಸಂಗಗಳು ಮೂರು ನಿಯಮಗಳನ್ನು ನೀಡುತ್ತವೆ. ಚಂದಯ್ಯನದು ಕಾಯಕವನ್ನು ತಪ್ಪಿಸಿಕೊಳ್ಳಬಾರದೆಂಬುದು. ಲಕ್ಕಮ್ಮನದು ಕಾಯಕದ ಫಲಕ್ಕೆ ಮಿತಿ ಬೇಕೆಂಬುದು. ಸಿದ್ಧರಾಮಯ್ಯನವರ ಜೀವನ ಕಲಿಸುವುದು, ಕಾಯಕದ ಕರ್ತೃತ್ವವನ್ನು ಹೆಗಲಿನಿಂದ ಇಳಿಸಬೇಕೆಂಬುದು. ಇವುಗಳಿಗೆ ಕೂಡಿಕೊಂಡು ಬರುವುದೇ ದಾಸೋಹ. ಮಿತಿಗಿಂತ ಹೆಚ್ಚಾದುದು ಸಮಾಜದ್ದು ಎಂಬ ಅರಿವು ಅದು. ಅಲ್ಲಿ ಕೊಡುವವನು ದೊಡ್ಡವನಲ್ಲ, ಕೊಳ್ಳುವವನು ಸಣ್ಣವನಲ್ಲ. ಸೌದೆಯ ಹೊರೆ ಮಾರಿ ಜೀವಿಸುತ್ತಿದ್ದ ಮೋಳಿಗೆಯ ಮಾರಯ್ಯನ ಗುಡಿಸಲಿನಲ್ಲಿ ಬಸವಣ್ಣನವರು ಹೊನ್ನನ್ನು ಗುಟ್ಟಾಗಿ ಇಟ್ಟು ಹೋದಾಗ, ಆತ ಅದನ್ನು ತನಗಾಗಿ ಇಟ್ಟುಕೊಳ್ಳದೆ ಜಂಗಮರಿಗೆ ಹಂಚಿದನೆಂದು ಪರಂಪರೆ ಹೇಳುತ್ತದೆ. ಮಹಾಮಂತ್ರಿಯ ಉಪಕಾರವೂ ಆತನಿಗೆ ಭಾರವಾಗಿ ಕಂಡಿತು.

ಕಲ್ಯಾಣದ ನಂತರ

1160ರ ದಶಕದ ಕೊನೆಯಲ್ಲಿ ಕಲ್ಯಾಣದಲ್ಲಿ ಆದ ವಿಪ್ಲವವು ಎಲ್ಲರಿಗೂ ತಿಳಿದ ಸಂಗತಿ. ಶರಣರು ಚದುರಿದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು, ಚೆನ್ನಬಸವಣ್ಣನವರು ಉಳವಿಯತ್ತ ನಡೆದರು. ಮಹಾಮನೆ ಹೋಯಿತು, ಮಂಟಪ ಹೋಯಿತು. ಶರಣರ ಶಾಂತಿ ಆ ಕಟ್ಟಡಗಳಲ್ಲಿ ಇದ್ದಿದ್ದರೆ ಅದೂ ಅಂದೇ ಹೋಗಬೇಕಾಗಿತ್ತು. ಆದರೆ ಅದು ಕೈಕೆಲಸದಲ್ಲಿ ಇತ್ತು. ಅಗಸನ ಕಲ್ಲು ಊರೂರಿನಲ್ಲಿ ಉಳಿಯಿತು; ರಾಟೆ, ಮಗ್ಗ, ನೇಗಿಲು ಉಳಿದವು. ಅವುಗಳೊಡನೆ ವಚನಗಳ ಓಲೆಗಳೂ ಮನೆಯ ಜಗುಲಿಗಳಲ್ಲಿ, ಮಠದ ಗೂಡುಗಳಲ್ಲಿ ಉಳಿದವು.

ಆ ಓಲೆಗಳು ಅಚ್ಚಿನ ಬೆಳಕು ಕಾಣಲು ಇನ್ನೊಬ್ಬ ಕಾಯಕಜೀವಿ ಬರಬೇಕಾಯಿತು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರು. ಕೋರ್ಟಿನ ಕೆಲಸ ತಪ್ಪಲಿಲ್ಲ. ಊರಿಗೆ ಶಾಲೆ, ಸಹಕಾರಿ ಬ್ಯಾಂಕು ಬೇಕೆಂದಾಗ ಅದಕ್ಕೂ ಹೆಗಲು ಕೊಟ್ಟರು. ಈ ಎಲ್ಲದರ ನಡುವೆ ಅವರು ರಬಕವಿಯಂಥ ನೇಕಾರರ ಊರುಗಳಿಗೆ ಹೋಗಿ ಓಲೆಗಳನ್ನು ಹುಡುಕಿ, ಬಿಡಿಸಿ ಓದಿ, ನಕಲು ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟವಾಯಿತು. ಮುದ್ರಣದ ತೊಡಕನ್ನು ಕಂಡು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ತೆರೆದರು, ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದಾಗ ಕೂಡಿಟ್ಟ ಸಂಪತ್ತು ಅವರಲ್ಲಿರಲಿಲ್ಲ.

ಹಳಕಟ್ಟಿಯವರು ಸನ್ಯಾಸಿಯಲ್ಲ, ಗೃಹಸ್ಥರು. ‘ಎಲ್ಲಾ ಬಿಟ್ಟು’ ಅವರು ಎಲ್ಲಿಗೂ ಹೋಗಲಿಲ್ಲ. ಹಗಲು ಕಕ್ಷಿಗಾರರ ಕಾಗದ, ರಾತ್ರಿ ಕಂದೀಲಿನ ಬೆಳಕಿನಲ್ಲಿ ಶರಣರ ಓಲೆ. ಲಕ್ಕಮ್ಮ ಅಕ್ಕಿಯನ್ನು ಮರಳಿಸಿದಂತೆ ಅವರು ತಮ್ಮ ಗಳಿಕೆಯನ್ನು ಶರಣರಿಗೇ ಮರಳಿಸಿದರು. ನಾವೆಲ್ಲರೂ ಇಂದು ವಚನಗಳನ್ನು ಓದುತ್ತಿರುವುದು ಆ ಋಣದಿಂದ.

ನಾವು ಕಲಿತ ಪಾಠ

ಪರರಿಗೆ ಹೇಳುವುದು ಸುಲಭ. ನಮ್ಮದೊಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ಈ ಲೇಖನ ಅರೆಯಾಗುತ್ತದೆ.

ನಾವು ಪೀಠದ ಹೊಣೆ ಹೊತ್ತ ಹೊಸದರಲ್ಲಿ ವಿದ್ಯಾರ್ಥಿನಿಲಯದ ಕಟ್ಟಡದ ಕೆಲಸ ನಡೆದಿತ್ತು. ಸಿಮೆಂಟು, ಕಬ್ಬಿಣ, ಸಾಲ, ದೇಣಿಗೆ, ಅನುದಾನದ ಅರ್ಜಿ—ಇವುಗಳಲ್ಲಿಯೇ ದಿನ ಕಳೆಯುತ್ತಿತ್ತು. ಬೆಳಗಿನ ಇಷ್ಟಲಿಂಗ ಪೂಜೆ ದಿನದಿನಕ್ಕೆ ಅವಸರದ್ದಾಯಿತು. ಲಿಂಗದ ಮೇಲೆ ದೃಷ್ಟಿ ನೆಟ್ಟರೆ ಕಟ್ಟಡದ ಕಂಬಗಳು ಕಾಣುತ್ತಿದ್ದವು. ರಾತ್ರಿ ನಿದ್ರೆ ದೂರವಾಗಿತ್ತು. ಮಠದಲ್ಲಿಯೇ ಇದ್ದವರಿಗೆ ಮಠದ ಶಾಂತಿ ಇರಲಿಲ್ಲ; ಇದು ನಗುವ ಮಾತಲ್ಲ.

ಆ ದಿನಗಳಲ್ಲಿ ಉಗ್ರಾಣದ ಜೋಳದ ಲೆಕ್ಕ ಕೂಡಿಬರಲಿಲ್ಲ. ಎರಡು ಚೀಲ ಕಡಿಮೆ ಬಂದಿತು. ನಾವು ವಿಚಾರ ಮಾಡದೆ ದಾಸೋಹದ ಮನೆಯಲ್ಲಿ ಕೆಲಸ ಮಾಡುವವರನ್ನೆಲ್ಲ ಕರೆಸಿ ಕಟುವಾದ ಮಾತುಗಳನ್ನಾಡಿದೆವು. ಅವರಲ್ಲಿ ಕಾಳು ಹಸನು ಮಾಡುವ ಒಬ್ಬ ಮುದುಕಿ ಇದ್ದಳು. ಎಲ್ಲರೂ ಹೋದ ಮೇಲೆ ಆಕೆ ನಿಂತೇ ಇದ್ದಳು. ಸೆರಗಿನಿಂದ ಒಂದು ಸಣ್ಣ ಗಂಟನ್ನು ಬಿಚ್ಚಿ ನಮ್ಮ ಮುಂದೆ ಇಟ್ಟಳು. ಅದರಲ್ಲಿ ಎರಡು ಬೊಗಸೆ ಜೋಳವಿತ್ತು. ಕೇರುವಾಗ, ಅಳೆಯುವಾಗ ನೆಲಕ್ಕೆ ಸಿಡಿದ ಕಾಳುಗಳನ್ನು ಪ್ರತಿ ಸಂಜೆ ಆಯ್ದು, ಮಣ್ಣು ತೆಗೆದು, ಉಗ್ರಾಣಕ್ಕೆ ಹಾಕಿ ಮನೆಗೆ ಹೋಗುವುದು ಆಕೆಯ ರೂಢಿಯಂತೆ. ಅಂದು ಸಂಜೆ ಅದನ್ನು ಹಾಕುವ ಮೊದಲೇ ನಾವು ಕರೆಸಿದ್ದೆವು.

“ಇದನ್ನು ಮನೆಗೆ ಒಯ್ಯಬಾರದಾಗಿತ್ತೇನವ್ವಾ? ಚೆಲ್ಲಿದ ಕಾಳು ತಾನೆ?” ಎಂದು ನಾವು ಕೇಳಿದೆವು. ನಮ್ಮ ಧ್ವನಿಯಲ್ಲಿ ಇನ್ನೂ ಸಂಶಯದ ಒಗರು ಇದ್ದಿರಬೇಕು.

“ಯಪ್ಪಾ, ನನ್ನ ಪಾಲಿನ ರೊಟ್ಟಿ ನಾ ಇಲ್ಲೇ ಉಂಡೀನಿ. ಇದು ಮಠದ ಕಾಳು. ಇದನ್ನ ಒಯ್ದರ ರಾತ್ರಿ ನಿದ್ದಿ ಹತ್ತೂದಿಲ್ರಿ” ಎಂದಳು.

ಆಕೆ ಅಕ್ಷರ ಬಲ್ಲವಳಲ್ಲ. ಲಕ್ಕಮ್ಮನ ವಚನವನ್ನು ವಿಶ್ವವಿದ್ಯಾಲಯದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ವೇದಿಕೆಗಳ ಮೇಲೆ ವ್ಯಾಖ್ಯಾನ ಮಾಡಿದವರು ನಾವು. ನಿದ್ರೆ ಇಲ್ಲದವರೂ ನಾವೇ. ಮರುದಿನ ಲೆಕ್ಕದ ಪುಸ್ತಕವನ್ನು ಮತ್ತೆ ನೋಡಿದಾಗ ತಪ್ಪು ಕಂಡಿತು: ಬರದೇ ಇದ್ದ ಎರಡು ಚೀಲವನ್ನು ಬಂದಿತೆಂದು ನಾವೇ ಬರೆಸಿದ್ದೆವು. ದಾಸೋಹದ ಮನೆಗೆ ಹೋಗಿ ಎಲ್ಲರ ಮುಂದೆ ಕ್ಷಮೆ ಕೇಳಿದೆವು. ಆ ತಾಯಿ ನಾಚಿ ಮೊರದ ಹಿಂದೆ ಮುಖ ಮರೆಮಾಡಿಕೊಂಡಳು. ಈಗ ಆಕೆ ಇಲ್ಲ. ಆದರೆ ಅಂದಿನಿಂದ ಇಂದಿನವರೆಗೆ, ಪ್ರವಾಸದಲ್ಲಿ ಇಲ್ಲದ ದಿನ, ಪೂಜೆಗೆ ಮುಂಚೆ ಅರ್ಧ ಗಂಟೆ ದಾಸೋಹದ ಮನೆಯಲ್ಲಿ ಕುಳಿತು ಕಾಳು ಆಯುವುದನ್ನು ನಾವು ರೂಢಿಸಿಕೊಂಡಿದ್ದೇವೆ. ಕಟ್ಟಡದ ಚಿಂತೆಗಳು ಇಂದಿಗೂ ಇವೆ. ಆದರೆ ಅವು ಈಗ ಲಿಂಗದ ಮತ್ತು ದೃಷ್ಟಿಯ ನಡುವೆ ನಿಲ್ಲುವುದು ಅಪರೂಪ.

ಕೇಳಿದವರಿಗೆ ಉತ್ತರ

ಆದುದರಿಂದ ‘ಎಲ್ಲಾ ಬಿಟ್ಟು ಬರಲೇ’ ಎಂದು ಕೇಳುವ ಭಕ್ತರಿಗೆ ನಾವು ಹೇಳುವುದಿಷ್ಟು. ಬನ್ನಿರಿ, ನಾಲ್ಕು ದಿನ ಇರಿ, ಪ್ರಸಾದ ಸ್ವೀಕರಿಸಿರಿ. ಆದರೆ ಇಲ್ಲಿಂದ ಒಯ್ಯಲು ಶಾಂತಿಯೆಂಬ ಬೇರೆ ಪದಾರ್ಥವಿಲ್ಲ. ಅದು ನಿಮ್ಮ ಅಂಗಡಿಯ ತಕ್ಕಡಿಯಲ್ಲಿ, ನಿಮ್ಮ ಕಚೇರಿಯ ಕಡತದಲ್ಲಿ, ನಿಮ್ಮ ಹೊಲದ ಸಾಲಿನಲ್ಲಿ, ನಿಮ್ಮ ಮನೆಯ ಒಲೆಯ ಮುಂದೆಯೇ ಸಿಗಬೇಕು. ಸಿಗುತ್ತಿಲ್ಲವಾದರೆ ಮೂರು ಪ್ರಶ್ನೆಗಳನ್ನು ನಿಮ್ಮನ್ನೇ ಕೇಳಿಕೊಳ್ಳಿರಿ. ಇಂದು ಮಾಡಬೇಕಾದ ಕೆಲಸವನ್ನು ನಾನು ತಪ್ಪಿಸಿಕೊಂಡೆನೆ? ಇಂದು ತಂದುದರಲ್ಲಿ ನನ್ನದಲ್ಲದ ಹಿಡಿ ಎಷ್ಟು? ಮಾಡಿದುದನ್ನು ‘ನಾನು ಮಾಡಿದೆ’ ಎಂದು ಎಷ್ಟು ಸಲ ಹೇಳಿಕೊಂಡೆ?

ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಕಠಿಣವಾದುದು. ಇಂದಿನ ಲೋಕ ಮಿತಿಯ ಮಾತನ್ನು ಸೋಲಿನ ಮಾತೆಂದು ಬಗೆಯುತ್ತದೆ. ನಗರದಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಸಾಕೆಂದು ಹೇಳುವ ಸ್ವಾತಂತ್ರ್ಯವೂ ಅನೇಕ ಸಲ ಇರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಸಾಲದ ಕಂತು, ಮಕ್ಕಳ ಶುಲ್ಕ, ಮೇಲಧಿಕಾರಿಯ ಒತ್ತಾಯ ಇವು ಸುಳ್ಳಲ್ಲ. ಲಕ್ಕಮ್ಮನ ಮಾತನ್ನು ಹಿಡಿದು ಬಡವನಿಗೆ ಕಡಿಮೆ ಕೂಲಿ ಸಾಕೆಂದು ಹೇಳುವುದು ಮಹಾಪಾಪ. ಆಕೆ ಮಿತಿಯನ್ನು ಹಾಕಿದ್ದು ತನ್ನ ಮನೆಗೆ, ಪರರ ಮನೆಗಲ್ಲ. ಆದರೆ ಉಳ್ಳವರ ಮನೆಗಳಲ್ಲಿ ದಿನಕ್ಕೊಂದು ಸಲವಾದರೂ ‘ಇದು ನಮಗೇಕೆ’ ಎಂದು ಕೇಳುವ ಒಂದು ಧ್ವನಿ ಇರಲೇಬೇಕು. ಗಂಡ ಮರೆತರೆ ಹೆಂಡತಿ ಕೇಳಲಿ, ಹೆಂಡತಿ ಮರೆತರೆ ಗಂಡ ಕೇಳಲಿ, ಇಬ್ಬರೂ ಮರೆತರೆ ಮಕ್ಕಳು ಕೇಳಲಿ. ಮಠ ಮರೆತರೆ ಭಕ್ತರು ಕೇಳಲಿ. ಅದಕ್ಕೆ ನಾವೂ ಕಿವಿಗೊಡುತ್ತೇವೆ.

ಕಲ್ಯಾಣದ ಅಂಗಳದಲ್ಲಿ ಮಾರಯ್ಯನು ಅಂದು ಮರಳಿ ಸುರಿದ ಅಕ್ಕಿ ಯಾರ ಹೊಟ್ಟೆಗೆ ಸೇರಿತೋ ಚರಿತ್ರೆ ಬರೆದಿಟ್ಟಿಲ್ಲ. ಬರಿಗೈಯಲ್ಲಿ ಮನೆಗೆ ನಡೆದ ಆತನ ನಡಿಗೆ ಮಾತ್ರ ಹಗುರವಾಗಿದ್ದಿರಬೇಕು. ಅಂಥ ಹಗುರವಾದ ನಡಿಗೆ ನಮ್ಮೆಲ್ಲ ಭಕ್ತರಿಗೂ, ಈ ಮಠದ ಅನ್ನವನ್ನುಂಡು ನಾಡಿನ ಮೂಲೆ ಮೂಲೆಗಳಲ್ಲಿ ಕಾಯಕನಿರತರಾಗಿರುವ ನಮ್ಮೆಲ್ಲ ವಿದ್ಯಾರ್ಥಿಗಳಿಗೂ ಲಭಿಸಲೆಂದು ಶರಣರ ಚರಣಗಳಲ್ಲಿ ಬೇಡಿಕೊಳ್ಳುತ್ತೇವೆ.

ಶರಣು ಶರಣಾರ್ಥಿ.